ಬನ್ನಿಮಂಟಪದ ಬೋರ್ಡಿಲ್ಲದ ಗ್ಯಾರೇಜು: ನಮ್ಮ ಫಿಯಟ್‌ನ ಡಿಫರೆನ್ಷಿಯಲ್ ರಿಪೇರಿಯ ಅನುಭವ

ಹಳೇ ಫಿಯಟ್ಟು, ಅಂಬಾಸಿಡರ್ ಇಟ್ಟುಕೊಂಡವರಿಗೆ ಈ ಸದ್ದು ಗೊತ್ತಿರುತ್ತದೆ. ಗಾಡಿ 40 ದಾಟಿತೋ ಇಲ್ಲವೋ, ಹಿಂದಿನ ಸೀಟಿನ ಕೆಳಗಿಂದ ಗುಂಯ್ ಅಂತ ಏಳುತ್ತದೆ. 55ಕ್ಕೆ ಹೋದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ತಟ್ಟನೆ ತಣ್ಣಗಾಗುತ್ತದೆ. ಮತ್ತೆ ಒತ್ತಿದರೆ ಮತ್ತೆ ಶುರು. ಸದ್ದು ಬರುತ್ತಿದ್ದದ್ದು ಡಿಫರೆನ್ಷಿಯಲ್‌ನಿಂದ, ಅಂದರೆ ಎಂಜಿನ್ನಿನ ಬಲವನ್ನು ಎರಡು ಹಿಂದಿನ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆಯಿಂದ. ಎರಡು ವರ್ಷ ಈ ಸದ್ದಿನ ಜೊತೆ ಓಡಾಡಿದೆ. ಈಗ ಅದಿಲ್ಲ. ಅದನ್ನು ಸರಿಮಾಡಿಕೊಟ್ಟ ಮೈಸೂರಿನ ಗ್ಯಾರೇಜಿನ ಬಗ್ಗೆ ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಮಂಡ್ಯದವಳು. ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಿಯಾಗಿದ್ದೇನೆ. ಕಾರು ನಮ್ಮಪ್ಪನದು. 1967ರ ಫಿಯಟ್ 1100, ಡಿಲೈಟ್ ಅಂತ ಕರೆಯುತ್ತಿದ್ದರಲ್ಲ, ಅದು. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್‌ನವರು ಮಾಡಿದ್ದು. ಮುಂದೆ 1974ರಲ್ಲಿ ಇದೇ ಗಾಡಿಗೆ ಪದ್ಮಿನಿ ಅಂತ ಹೆಸರು ಬಂತು. ಅಪ್ಪ ಮೈಶುಗರ್ ಕಾರ್ಖಾನೆಯ ವರ್ಕ್‌ಶಾಪಿನಲ್ಲಿದ್ದರು. ಕಾರಿಗೆ ಯಾವಾಗ ಆಯಿಲ್ ಹಾಕಿಸಿದೆ, ಎಷ್ಟು ಕಿಲೋಮೀಟರ್ ಆಗಿತ್ತು ಅಂತ ಒಂದು ಡೈರಿಯಲ್ಲಿ ಬರೆದಿಡುತ್ತಿದ್ದರು. ಅದು ಈಗಲೂ ಡ್ಯಾಶ್‌ಬೋರ್ಡಿನ ಗೂಡಿನಲ್ಲಿದೆ. ಈ ಕಾರಿನಲ್ಲೇ ನಾನು ಓಡಿಸಲು ಕಲಿತದ್ದು. ಹಾಗಾಗಿ ಮಾರುವ ಮಾತು ನಮ್ಮ ಮನೆಯಲ್ಲಿ ಬರುವುದಿಲ್ಲ.

ಮೊದಲು ಒಂದು ಕೆಟ್ಟ ಅನುಭವ ಹೇಳಿಬಿಡುತ್ತೇನೆ. ಸದ್ದು ಶುರುವಾದಾಗ ಹತ್ತಿರದಲ್ಲೇ ಒಬ್ಬರ ಹತ್ತಿರ ಬಿಟ್ಟಿದ್ದೆ. ಹೆಸರು ಬೇಡ. ಎರಡೇ ದಿನಕ್ಕೆ ಗಾಡಿ ವಾಪಸ್ ಕೊಟ್ಟರು. ‘ಡಿಫರೆನ್ಷಿಯಲ್ ಫುಲ್ ಸೆಟ್ ಮಾಡಿದೀವಿ ಮೇಡಂ’ ಅಂದರು. 6,000 ರೂಪಾಯಿ ತೊಗೊಂಡರು. ಸದ್ದು ನಿಜಕ್ಕೂ ಹೋಗಿತ್ತು. ನನಗೂ ಸಂತೋಷವಾಗಿತ್ತು. ನಾಲ್ಕು ತಿಂಗಳಾದ ಮೇಲೆ ಮೊದಲಿಗಿಂತ ಜೋರಾಗಿ ಬಂತು. ಅವರು ಒಳಗೆ ಏನು ಮಾಡಿದ್ದರು ಅಂತ ಮುಂದೆ ಬನ್ನಿಮಂಟಪದಲ್ಲಿ ಬಿಚ್ಚಿದಾಗ ಗೊತ್ತಾಯಿತು. ಅಲ್ಲಿಗೆ ಬಂದಾಗ ಹೇಳುತ್ತೇನೆ.

ಬನ್ನಿಮಂಟಪದ ಗ್ಯಾರೇಜಿನ ವಿಷಯ ಹೇಳಿದ್ದು ನನ್ನ ಹಳೇ ವಿದ್ಯಾರ್ಥಿ. ಮುಖ್ಯರಸ್ತೆಯಲ್ಲಿಲ್ಲ. ಒಂದು ಅಡ್ಡರಸ್ತೆಯ ಕೊನೆಯಲ್ಲಿ, ಹೊಂಗೆ ಮರದ ಕೆಳಗೆ, ಶೀಟ್ ಹಾಕಿದ ಶೆಡ್ಡು. ಬೋರ್ಡು ಇಲ್ಲ. ‘ಹಳೇ ಫಿಯಟ್ ಯಜಮಾನ್ರ ಗ್ಯಾರೇಜು’ ಅಂತ ಕೇಳಿದರೆ ಆಟೋದವರು ತೋರಿಸುತ್ತಾರೆ. ನಾನು ಹೋದಾಗ ಒಳಗೆ ಎರಡು ಪದ್ಮಿನಿ, ಒಂದು ಅಂಬಾಸಿಡರ್, ಬಾನೆಟ್ ಬಿಚ್ಚಿಟ್ಟ ಒಂದು ಸ್ಟಾಂಡರ್ಡ್ ಹೆರಾಲ್ಡ್ ಇದ್ದವು. ಯಜಮಾನ್ರಿಗೆ ಎಪ್ಪತ್ತು ದಾಟಿದೆ. ಯಾದವಗಿರಿಯ ಜಾವಾ ಫ್ಯಾಕ್ಟರಿಯಲ್ಲಿ ಗೇರ್ ಕೆಲಸ ಕಲಿತವರು. 1996ರಲ್ಲಿ ಫ್ಯಾಕ್ಟರಿ ಮುಚ್ಚಿದ ಮೇಲೆ ಈ ಶೆಡ್ಡು ಹಾಕಿಕೊಂಡರಂತೆ. ಜಾವಾದಿಂದ ಹೊರಬಂದ ಎಷ್ಟೋ ಒಳ್ಳೆಯ ಕೈಗಳು ಮೈಸೂರಿನ ತುಂಬ ಹೀಗೆ ಚೆದುರಿಹೋಗಿವೆ ಅಂತ ಕೇಳಿದ್ದೆ. ಇಲ್ಲಿ ಅದನ್ನು ಕಣ್ಣಾರೆ ನೋಡಿದೆ.

ಹೋದ ತಕ್ಷಣ ಸ್ಪ್ಯಾನರ್ ಹಿಡಿಯಲಿಲ್ಲ. ‘ಬನ್ನಿ ಟೀಚ್ರಮ್ಮ, ಒಂದು ರೌಂಡ್ ಹೋಗ್ಬರಣ, ನೀವೇ ಓಡ್ಸಿ’ ಅಂದರು. ಹಿಂದಿನ ಸೀಟಿನ ಕುಶನ್ ಎತ್ತಿಟ್ಟು, ಬರೀ ತಗಡಿನ ಮೇಲೆ ಗೋಣಿಚೀಲ ಹಾಸಿಕೊಂಡು ಕೂತರು. ರಿಂಗ್ ರೋಡಿನಲ್ಲಿ ಹೋದೆವು. 40ಕ್ಕೆ ಹೋಗಿ ಅಂದರು. 50 ಅಂದರು. ಕಾಲು ತೆಗೀರಿ ಅಂದರು. ನ್ಯೂಟ್ರಲ್‌ಗೆ ಹಾಕಿ ಸುಮ್ನೆ ಉರುಳಲು ಬಿಡಿ ಅಂದರು. ಆಮೇಲೆ ಒಂದು ಖಾಲಿ ಸೈಟಿನಲ್ಲಿ ಎಡಕ್ಕೆ ನಾಲ್ಕು ಸುತ್ತು, ಬಲಕ್ಕೆ ನಾಲ್ಕು ಸುತ್ತು ಹಾಕಿಸಿದರು. ಅಷ್ಟು ಹೊತ್ತೂ ಅವರು ಮಾತಾಡಲಿಲ್ಲ. ಇಳಿದ ಮೇಲೆ ಲೆಕ್ಕ ಹೇಳಿದರು.

ಎಳೆಯುವಾಗ ಮಾತ್ರ ಬರುವ ಗುಂಯ್ ಸದ್ದು ಕ್ರೌನ್ ಪಿನಿಯನ್ ಹಲ್ಲಿನದು (ಎಂಜಿನ್ ಕಡೆಯಿಂದ ಬರುವ ಚಿಕ್ಕ ಗೇರು ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರು ಕ್ರೌನ್). ಕಾಲು ತೆಗೆದರೂ ಬಿಡದೆ ಗೊರಗೊರ ಅನ್ನುವುದು ಬೇರಿಂಗಿನದು, ಅದೂ ಸ್ವಲ್ಪ ಇದೆ. ತಿರುಗಿಸುವಾಗ ಮಾತ್ರ ಬಂದರೆ ಒಳಗಿನ ಸ್ಟಾರ್ ಗೇರ್, ವಾಷರ್ ಕಡೆ ನೋಡಬೇಕು. ಇನ್ನು ಗೇರ್ ಹಾಕಿ ಕ್ಲಚ್ ಬಿಟ್ಟ ಕೂಡಲೇ ‘ಟಕ್’ ಅಂತ ಹೊಡೆಯುತ್ತದಲ್ಲ, ನಾನು ಅದನ್ನೂ ಡಿಫರೆನ್ಷಿಯಲ್ ಅಂದುಕೊಂಡಿದ್ದೆ. ಅವರು ಗಾಡಿ ಜಾಕ್ ಎತ್ತಿ, ಎಂಜಿನ್ ಕಡೆಯಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ತೋರಿಸಿದರು. ಅದರ ಕೀಲಿನ ಕ್ರಾಸ್ ಸವೆದಿತ್ತು. ‘ಎಲ್ಲಾ ಸದ್ದಿಗೂ ಡಿಫರೆನ್ಷಿಯಲ್ಲನ್ನೇ ಬಯ್ಯೋದು ತಪ್ಪು’ ಅಂದರು. ಇದು ನನಗೆ ತುಂಬ ಹಿಡಿಸಿತು. ಬೇರೆಯವರಾಗಿದ್ದರೆ ಅದನ್ನೂ ದೊಡ್ಡ ಬಿಲ್ಲಿನಲ್ಲೇ ಸೇರಿಸುತ್ತಿದ್ದರು.

ಬಿಚ್ಚುವ ಮೊದಲು ಇನ್ನೊಂದು ಪ್ರಶ್ನೆ ಕೇಳಿದರು. ‘ಓಡುಸ್ತೀರಾ, ಇಲ್ಲ ಷೋಗೆ ಇಡ್ತೀರಾ?’ ಕೇಳಿದ್ದು ಸರಿಯೇ. 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಮಾಡಿಸಲು 2021ರ ನಿಯಮದಲ್ಲಿ ಅವಕಾಶ ಇದೆ. ಆದರೆ ಹಾಗೆ ಮಾಡಿಸಿದರೆ ಪ್ರದರ್ಶನ, ರ್‍ಯಾಲಿ ಅಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನಾ ಓಡಿಸುವ ಹಾಗಿಲ್ಲ. ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಕಾರ್ ಮ್ಯೂಸಿಯಂ ಇದೆಯಲ್ಲ, ಅಲ್ಲಿ ಸಾಲಾಗಿ ನಿಂತ ಕಾರುಗಳನ್ನು ನೋಡುವುದು ಚಂದ. ನಿಂತ ಗಾಡಿಯ ಹಲ್ಲು ಸವೆದರೂ ಅಷ್ಟೇನೂ ತೊಂದರೆ ಇಲ್ಲ. ನನ್ನದು ವಾರಕ್ಕೆ ಎರಡು ಸಲ ಮಂಡ್ಯದಿಂದ ಮೈಸೂರಿಗೆ ಬರುವ ಗಾಡಿ. ‘ಓಡುಸ್ತೀನಿ’ ಅಂದೆ. ‘ಹಂಗಾದ್ರೆ ಪೂರ್ತಿ ಬಿಚ್ಚಣ’ ಅಂದರು.

ಆಯಿಲ್ ಇಳಿಸುವಾಗ ನಾನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಬಂದದ್ದು ಆಯಿಲ್ ಅಲ್ಲ, ಅಂಬಲಿ. ಕಪ್ಪಗೆ, ಗಟ್ಟಿಯಾಗಿ, ಚೂರುಚೂರಾಗಿ ಟ್ರೇಗೆ ಬಿತ್ತು. ಯಜಮಾನ್ರು ಎರಡು ಬೆರಳಲ್ಲಿ ತೆಗೆದು ಹಿಂಡಿ ನನ್ನ ಮುಂದೆ ಹಿಡಿದರು. ಮರದ ಹೊಟ್ಟು. ಗರಗಸದ ಮಿಲ್ಲಿನಲ್ಲಿ ಸಿಗುತ್ತದಲ್ಲ, ಅದೇ. ಗ್ರೀಸಿನ ಜೊತೆ ಕಲೆಸಿ ಹಾಕಿದ್ದರು. ಹಲ್ಲುಗಳ ಮಧ್ಯೆ ಹೊಟ್ಟು ಮೆತ್ತಿಕೊಂಡು ಕೆಲವು ದಿನ ಸದ್ದು ಅಡಗುತ್ತದೆ. ಗಾಡಿ ಮಾರುವವರು ಮಾಡುವ ಹಳೇ ಮೋಸ ಅದು. ಆಮೇಲೆ ಬೇರಿಂಗಿಗೆ ಆಯಿಲ್ ಹೋಗುವುದೇ ಇಲ್ಲ. ನನಗೆ ಅಳು ಬರುವಷ್ಟು ಸಿಟ್ಟು ಬಂತು. 6,000 ರೂಪಾಯಿ ಹೋದರೆ ಹೋಗಲಿ. ಅಪ್ಪ 90 ನಂಬರಿನ ಗೇರ್ ಆಯಿಲನ್ನು ಬಟ್ಟೆಯಲ್ಲಿ ಸೋಸಿ ಹಾಕುತ್ತಿದ್ದ ಜಾಗ ಅದು.

ಟ್ರೇಯ ತಳದಲ್ಲಿ ಲೋಹದ ಚೂರುಗಳಿದ್ದವು. ಅದನ್ನು ಓದುವುದು ಹೇಗೆ ಅಂತ ಅವರು ಹೇಳಿಕೊಟ್ಟರು. ಬೆಳ್ಳಿಯ ಪುಡಿ ಹಾಗೆ ನುಣ್ಣಗಿದ್ದರೆ ಅದು ವಯಸ್ಸಿನ ಸವೆತ, ಹೆದರಬೇಕಿಲ್ಲ. ಮೀನಿನ ಪೊರೆಯ ಹಾಗೆ ಚಪ್ಪಟೆಯಾಗಿ, ಒಂದು ಕಡೆ ಹೊಳೆಯುತ್ತ, ಇನ್ನೊಂದು ಕಡೆ ಒರಟಾಗಿದ್ದರೆ ಹಲ್ಲಿನ ಚರ್ಮವೇ ಏಳುತ್ತಿದೆ ಅಂತ ಅರ್ಥ. ಗೇರಿನ ಹಲ್ಲು ಪೂರ್ತಿ ಒಂದೇ ಗಟ್ಟಿ ಇರುವುದಿಲ್ಲ. ಮೇಲಿನ ತೆಳು ಪದರ ಮಾತ್ರ ಹದ ಮಾಡಿದ ಗಟ್ಟಿ ಉಕ್ಕು, ಒಳಗಡೆ ಮೆತ್ತಗೆ. ಮೇಲಿನದು ಎದ್ದುಹೋದರೆ ಆಮೇಲೆ ಬೇಗ ತಿಂದುಕೊಂಡು ಹೋಗುತ್ತದೆ. ವೆಲ್ಡಿಂಗ್ ಹಾಕಿ ಉಜ್ಜಿ ಕೊಡುತ್ತೇವೆ ಅನ್ನುವವರನ್ನು ಅದಕ್ಕೇ ನಂಬಬಾರದು. ಬೆಸುಗೆಯ ಬಿಸಿಗೆ ಅಕ್ಕಪಕ್ಕದ ಹಲ್ಲಿನ ಹದವೂ ಹಾಳಾಗುತ್ತದೆ.

ನಮ್ಮದರಲ್ಲಿ ಪೊರೆಯಂಥ ಚೂರುಗಳೇ ಇದ್ದವು. ಕ್ರೌನ್ ವೀಲಿನ ಒಂದು ಹಲ್ಲಿನ ತುದಿ ಮುರಿದಿತ್ತು. ಪಿನಿಯನ್ ಮೇಲೆ ಸಿಡುಬಿನ ಕಲೆಯ ಹಾಗೆ ಗುಳಿಗಳು.

ಇದೆಲ್ಲ ಯಾಕಾಯಿತು ಅಂತ ಅವರು ಹಿಂದಕ್ಕೆ ಹುಡುಕುತ್ತ ಹೋದ ರೀತಿ ನೋಡಬೇಕಿತ್ತು. ಹಲ್ಲು ಹೋಗಿದ್ದು ಪಿನಿಯನ್ ಜರುಗಿದ್ದಕ್ಕೆ. ಪಿನಿಯನ್ ಜರುಗಿದ್ದು ಅದರ ಬೇರಿಂಗ್ ಸವೆದದ್ದಕ್ಕೆ. ಬೇರಿಂಗ್ ಸವೆದದ್ದು ಆಯಿಲ್ ಕಮ್ಮಿಯಾಗಿದ್ದಕ್ಕೆ. ಆಯಿಲ್ ಸೋರಿದ್ದು ಸೀಲಿನಿಂದ. ಸೀಲ್ ಯಾಕೆ ಸೋರಿತು? ಆಕ್ಸಲ್ ಮೇಲೆ ಗಾಳಿಯಾಡಲು ಒಂದು ಚಿಕ್ಕ ತೂತಿನ ಬ್ರೀದರ್ ಇರುತ್ತದೆ. ನಮ್ಮ ಕಬ್ಬಿನ ಗದ್ದೆ ದಾರಿಯ ಕೆಸರು ಮೆತ್ತಿ ಅದು ಮುಚ್ಚಿಹೋಗಿತ್ತು. ಓಡುವಾಗ ಆಕ್ಸಲ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಹೋಗಲು ಜಾಗವಿಲ್ಲದೆ ಸೀಲಿನ ಕಡೆಯಿಂದ ಆಯಿಲನ್ನು ತಳ್ಳುತ್ತದೆ. ಒಂಬತ್ತನೇ ಕ್ಲಾಸಿಗೆ ನಾನೇ ಇದನ್ನು ಎಷ್ಟು ವರ್ಷ ಪಾಠ ಮಾಡಿಲ್ಲ! ಒಂದು ತೂತಿನ ಕೆಸರು ತೆಗೆಯದಿದ್ದಕ್ಕೆ ಇಷ್ಟೆಲ್ಲ. ಹಳೇ ಗಾಡಿ ಇರುವವರು ದಯವಿಟ್ಟು ಇವತ್ತೇ ಹೋಗಿ ಅದನ್ನು ನೋಡಿ.

ಡಿಫರೆನ್ಷಿಯಲ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ, ನಾನು ಮಕ್ಕಳಿಗೆ ಹೇಳುತ್ತಿದ್ದ ಉದಾಹರಣೆ ಇದು. ಕಣದಲ್ಲಿ ಎತ್ತುಗಳನ್ನು ಮೇಟಿ ಸುತ್ತ ತುಳಿಸುತ್ತಾರಲ್ಲ, ಮೇಟಿ ಪಕ್ಕದ ಎತ್ತು ನಿಂತ ಹಾಗೆ ನಡೆಯುತ್ತದೆ, ಹೊರಗಿನ ಎತ್ತು ಬಿರಬಿರನೆ ನಡೆಯಬೇಕು. ಗಾಡಿ ತಿರುಗುವಾಗ ಎರಡು ಹಿಂದಿನ ಚಕ್ರಗಳದ್ದೂ ಅದೇ ಕಥೆ. ಎಂಜಿನ್ನಿನ ಬಲವನ್ನು ಇಬ್ಬರಿಗೂ ಕೊಟ್ಟು, ನಡೆಯುವ ವೇಗ ಅವರವರಿಗೇ ಬಿಡುವ ಕೆಲಸ ಒಳಗಿನ ಸ್ಟಾರ್ ಗೇರುಗಳದ್ದು. ಇದಕ್ಕೆ 1827ರಲ್ಲಿ ಪೇಟೆಂಟ್ ಪಡೆದ ಪೆಕೂರ್ ಅನ್ನುವ ಫ್ರಾನ್ಸಿನವರು ಕಸುಬಿನಲ್ಲಿ ಗಡಿಯಾರ ಮಾಡುವವರು. ಬಿಚ್ಚಿ ಟೇಬಲ್ ಮೇಲೆ ಇಟ್ಟಾಗ ನೋಡಿದರೆ ನಿಜವಾಗಿಯೂ ದೊಡ್ಡ ಗಡಿಯಾರದ ಹಾಗೇ ಕಾಣುತ್ತದೆ.

ಹೊಸ ಕ್ರೌನ್ ಪಿನಿಯನ್ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಫಿಯಟ್ಟಿನವರ ಅದೃಷ್ಟ ಅಂದರೆ ಪದ್ಮಿನಿ ಎಷ್ಟೋ ವರ್ಷ ತಯಾರಾಯಿತು, ಮುಂಬೈನಲ್ಲಿ 2023ರ ಅಕ್ಟೋಬರ್‌ವರೆಗೂ ಟ್ಯಾಕ್ಸಿಯಾಗಿ ಓಡಿತು. ಹಾಗಾಗಿ ಸಾಮಾನು ಇನ್ನೂ ಅಲ್ಲಲ್ಲಿ ಉಳಿದಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ಒಂದು ಜೊತೆ ತಂದೆ. ಯಜಮಾನ್ರು ಎರಡನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು ನೋಡಿದರು. ಕ್ರೌನ್ ಮೇಲೆ ಒಂದು ನಂಬರು ಕೆತ್ತಿತ್ತು, ಪಿನಿಯನ್ ಮೇಲೆ ಬೇರೆ ನಂಬರು. ‘ಇದು ಗಂಡ ಹೆಂಡ್ತಿ ಅಲ್ಲ ಟೀಚ್ರಮ್ಮ, ವಾಪಸ್ ಕೊಡಿ’ ಅಂದರು. ಫ್ಯಾಕ್ಟರಿಯಲ್ಲಿ ಈ ಎರಡನ್ನೂ ಒಂದಕ್ಕೊಂದು ಸೇರಿಸಿ ಉಜ್ಜಿ ಜೋಡಿ ಮಾಡಿರುತ್ತಾರೆ. ಹಲ್ಲಿನ ಲೆಕ್ಕ ಸರಿಯಿದ್ದರೂ ಬೇರೆ ಜೋಡಿಯ ಪಿನಿಯನ್ ಹಾಕಿದರೆ ಸದ್ದು ಬಂದೇ ಬರುತ್ತದೆ. ಸುಮ್ನೆ ಕೂರಿಸಿಬಿಟ್ಟಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ವಾಪಸ್ ಕೊಟ್ಟು, ಇನ್ನೊಂದು ಅಂಗಡಿಯಲ್ಲಿ ಗ್ರೀಸ್ ಕಾಗದ ಬಿಚ್ಚದ ಹಳೇ ಸ್ಟಾಕಿನ ಜೋಡಿಯೊಂದನ್ನು 13,500ಕ್ಕೆ ತಂದೆ. ಹೊಸದಾಗಿ ಮಾಡಿಸಬಹುದಾ ಅಂತಲೂ ಕೇಳಿದ್ದೆ. ಈ ಬಾಗಿದ ಹೈಪಾಯ್ಡ್ ಹಲ್ಲು ಕೊರೆಯಲು ಬೇರೆಯದೇ ಮೆಷಿನ್ ಬೇಕು, ಒಂದು ಪೀಸಿಗೆ ಯಾರೂ ಮೆಷಿನ್ ಸೆಟ್ ಮಾಡುವುದಿಲ್ಲ ಅಂದರು. ಸ್ಟಾರ್ ಗೇರಿನ ಪಿನ್ನು ಮಾತ್ರ ಲೇತಿನಲ್ಲಿ ಮಾಡಿಸಿ, ಹದ ಹಾಕಿಸಿ ತಂದರು. ಹಳೆಯದರ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ ಬಿದ್ದಿತ್ತು.

ಜೋಡಿಸುವ ದಿನ ಬೆಳಿಗ್ಗೆ ಹತ್ತಕ್ಕೆ ಹೋದವಳು ಸಂಜೆ ಐದಕ್ಕೆ ಎದ್ದೆ. ಮೊದಲು ಪಿನಿಯನ್ ಬೇರಿಂಗಿನ ಬಿಗಿ ನೋಡಿದರು. ಅದಕ್ಕೆ ಪಿನಿಯನ್ ಫ್ಲಾಂಜಿಗೆ ದಾರ ಸುತ್ತಿ, ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆಯುತ್ತಾರೆ. ನಮ್ಮ ಲ್ಯಾಬಿನಲ್ಲಿದ್ದಂಥದ್ದೇ ಸ್ಪ್ರಿಂಗ್ ತಕ್ಕಡಿ! ತಿರುಗಲು ಎಷ್ಟು ಎಳೆತ ಬೇಕು ಅಂತ ಮುಳ್ಳು ತೋರಿಸುತ್ತದೆ. ಕಮ್ಮಿಯಿದ್ದರೆ ಪಿನಿಯನ್ ಅಲ್ಲಾಡುತ್ತದೆ, ಜಾಸ್ತಿಯಿದ್ದರೆ ಬೇರಿಂಗ್ ಸುಟ್ಟುಹೋಗುತ್ತದೆ.

ಆಮೇಲೆ ಕ್ರೌನ್ ವೀಲ್ ಕೂರಿಸಿ, ಡಯಲ್ ಗೇಜ್ ಇಟ್ಟು, ಹಲ್ಲು ಹಲ್ಲಿನ ನಡುವಿನ ಪ್ಲೇ, ಅಂದರೆ ಸಡಿಲ ಎಷ್ಟಿದೆ ಅಂತ ನೋಡಿದರು. ಎರಡೂ ಕಡೆಯ ರಿಂಗ್ ನಟ್ಟನ್ನು ಒಂದು ಕಡೆ ಸಡಿಲಿಸಿ, ಅಷ್ಟೇ ಇನ್ನೊಂದು ಕಡೆ ಬಿಗಿ ಮಾಡುತ್ತ 0.12 ಮಿಲಿಮೀಟರಿಗೆ ತಂದರು. ಹೆಚ್ಚುಕಮ್ಮಿ ಎರಡು ತಲೆಕೂದಲಿನ ದಪ್ಪ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ನಾಲ್ಕೈದು ಹಲ್ಲಿಗೆ ನೀಲಿ ಪೇಸ್ಟನ್ನು ತೆಳ್ಳಗೆ ಸವರಿ, ಕೆಲಸದ ಹುಡುಗನಿಗೆ ಕ್ರೌನ್ ವೀಲನ್ನು ಮರದ ತುಂಡಿನಿಂದ ತಡೆದು ಹಿಡಿಯಲು ಹೇಳಿ, ತಾವು ಪಿನಿಯನ್ ತಿರುಗಿಸಿದರು. ಎರಡು ಗೇರೂ ಎಲ್ಲಿ ತಾಗುತ್ತವೋ ಅಲ್ಲಿ ನೀಲಿ ಅಳಿಸಿ ಉಕ್ಕು ಕಾಣುತ್ತದೆ. ಮೊದಲ ಸಲ ಆ ಗುರುತು ಹಲ್ಲಿನ ನೆತ್ತಿಯಲ್ಲಿ ಬಿತ್ತು. ಅಂದರೆ ಪಿನಿಯನ್ ದೂರ ಇದೆ. ಮತ್ತೆ ಎಲ್ಲ ಬಿಚ್ಚಿ, ಪಿನಿಯನ್ ತಲೆಯ ಹಿಂದೆ ಸ್ವಲ್ಪ ದಪ್ಪನೆಯ ಶಿಮ್, ಅಂದರೆ ಅಂತರ ಹೊಂದಿಸುವ ತೆಳು ಬಿಲ್ಲೆ, ಹಾಕಿದರು. ಎರಡನೇ ಸಲ ಗುರುತು ಬುಡಕ್ಕೆ ಇಳಿಯಿತು. ಹತ್ತಿರ ಜಾಸ್ತಿಯಾಯಿತು. ಮತ್ತೆ ಬಿಚ್ಚಿದರು. ಹುಡುಗನ ಮುಖ ಸಣ್ಣಗಾಗಿತ್ತು. ಯಜಮಾನ್ರು ಶಿಮ್ ಡಬ್ಬಿಯಲ್ಲಿ ಹುಡುಕಿ, ಮೈಕ್ರೋಮೀಟರಿನಲ್ಲಿ ಅಳೆದು, ಆಗ ಹಾಕಿದ್ದಕ್ಕಿಂತ 0.05 ಮಿಲಿಮೀಟರ್ ತೆಳ್ಳಗಿನದನ್ನು ಆರಿಸಿ ಕೂರಿಸಿದರು. ಮೂರನೇ ಸಲ ಹಲ್ಲಿನ ನಡುಮಧ್ಯ, ಹುಣಸೆ ಬೀಜದ ಆಕಾರದಲ್ಲಿ ಒಂದು ಹೊಳಪು ಬಂತು. ಪಕ್ಕದ ಹಲ್ಲಿನ ಮೇಲೂ ಅದೇ. ಅದರ ಪಕ್ಕದ್ದರ ಮೇಲೂ ಅದೇ. ‘ಈಗ ನೋಡಿ’ ಅಂತ ನನ್ನ ಕಡೆ ತಿರುಗಿಸಿ ಹಿಡಿದರು. ಒಳ್ಳೆಯ ಕೆಲಸ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಆ ಹಲ್ಲನ್ನು ತೋರಿಸುತ್ತೇನೆ.

ಕೊರತೆ ಇಲ್ಲ ಅಂತಲ್ಲ. ನಾಲ್ಕು ದಿನ ಅಂದವರು 11 ದಿನ ತೊಗೊಂಡರು. ಸಾಮಾನು ತರುವುದರಲ್ಲಿ ನಂದೂ ಮೂರು ದಿನ ಹೋಯಿತು, ಒಪ್ಪುತ್ತೇನೆ. ಆದರೆ ಫೋನ್ ಮಾತ್ರ ಎತ್ತುವುದೇ ಇಲ್ಲ. ಗಾಡಿ ಆಯಿತಾ ಅಂತ ಕೇಳಲು ನಾನು ಎರಡು ಸಲ ಮಂಡ್ಯದಿಂದ ಬಸ್ಸಿನಲ್ಲಿ ಬಂದೆ. ಹೆಂಗಸರು ದಿನವಿಡೀ ಕೂರಬೇಕಾದರೆ ಶೌಚಾಲಯ ಇಲ್ಲ, ಪಕ್ಕದ ಮನೆಯವರನ್ನು ಕೇಳಬೇಕು. ಬಿಲ್ಲನ್ನು ಕೇಳಿದ ಮೇಲೇ ಬರೆದದ್ದು, ಅದೂ ನೋಟ್‌ಬುಕ್ ಹಾಳೆಯಲ್ಲಿ. ಇದನ್ನೆಲ್ಲ ಅವರ ಮುಂದೆಯೇ ಹೇಳಿದ್ದೇನೆ. ‘ಹುಡುಗನ ಕೈಗೆ ಫೋನ್ ಕೊಡ್ತೀನಿ ಬುಡಿ’ ಅಂದರು. ಕೊಡಲಿ.

ಖರ್ಚು ಒಟ್ಟು 32,250 ರೂಪಾಯಿ ಆಯಿತು. ಅದರಲ್ಲಿ ಕೂಲಿ 8,500 ಮಾತ್ರ. ಮಿಕ್ಕಿದ್ದು ಕ್ರೌನ್ ಪಿನಿಯನ್, ನಾಲ್ಕು ಬೇರಿಂಗ್, ಸೀಲು, ಕ್ರಾಸು, ಪಿನ್ನು, ವಾಷರು, ಆಯಿಲ್ಲು. ಕೂಲಿ ಕಮ್ಮಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಆ ಕೆಲಸಕ್ಕೆ ಬೆಂಗಳೂರಿನಲ್ಲಿ ಎರಡರಷ್ಟು ಕೇಳಿದ್ದರು, ಅದೂ ಗಾಡಿ ಓಡಿಸಿ ನೋಡದೆ. ಇಲ್ಲಿ ತೆಗೆದ ಹಳೇ ಸಾಮಾನೆಲ್ಲ ಒಂದೂ ಬಿಡದೆ ವಾಪಸ್ ಕೊಟ್ಟರು. ಹಳೇ ಕ್ರೌನ್ ವೀಲನ್ನು ತೊಳೆದು ನಮ್ಮ ಸ್ಕೂಲಿನ ಲ್ಯಾಬಿಗೆ ಕೊಟ್ಟಿದ್ದೇನೆ. ಮುರಿದ ಹಲ್ಲಿಗೆ ಕೆಂಪು ಬಣ್ಣ ಹಚ್ಚಿದ್ದೇನೆ, ಮಕ್ಕಳಿಗೆ ಕಾಣಲಿ ಅಂತ.

ಮೊದಲ 500 ಕಿಲೋಮೀಟರ್ 50ರ ಮೇಲೆ ಹೋಗಬೇಡಿ, ಭಾರ ಹಾಕಬೇಡಿ, ಆಮೇಲೆ ಬಂದು ಆಯಿಲ್ ಬದಲಾಯಿಸಿ ಅಂದಿದ್ದರು. ಮಂಡ್ಯದಿಂದ ಸರ್ವಿಸ್ ರಸ್ತೆಯಲ್ಲೇ ಓಡಾಡಿ ಅಷ್ಟು ಮುಗಿಸಿದೆ. ಹೋದ ವಾರ ಮತ್ತೆ ಬನ್ನಿಮಂಟಪಕ್ಕೆ ಹೋಗಿದ್ದೆ. ಈ ಸಲ ಬಿಳೀ ಟ್ರೇ ಇಟ್ಟು ಇಳಿಸಿದರು. ಜೇನುತುಪ್ಪದ ಬಣ್ಣದ ಆಯಿಲ್ಲು, ತಳದಲ್ಲಿ ಬೆಳ್ಳಿ ಪುಡಿಯ ಒಂದು ಗೆರೆ, ಅಷ್ಟೇ. ಇಪಿ 90 ಗೇರ್ ಆಯಿಲಿನ ಎರಡು ಲೀಟರ್ ಡಬ್ಬಿ ನಾನೇ ತೊಗೊಂಡು ಹೋಗಿದ್ದೆ. ಬ್ರೀದರ್ ಬಿಚ್ಚಿ ತೊಳೆದು ಹಾಕಿದರು. ದುಡ್ಡು ತೊಗೊಳ್ಳಲಿಲ್ಲ. ಮಿಕ್ಕ ಆಯಿಲನ್ನು ಮುಚ್ಚಳ ಬಿಗಿದು ಡಿಕ್ಕಿಯಲ್ಲಿಟ್ಟರು. ನಾನು ಅಪ್ಪನ ಡೈರಿ ತೆಗೆದು, ಅವರು ಕೊನೆಯದಾಗಿ ಬರೆದಿದ್ದ ಸಾಲಿನ ಕೆಳಗೆ ತಾರೀಖು, ಕಿಲೋಮೀಟರು ಬರೆದುಕೊಂಡೆ.